ಆನೆ ಹಾಯುವ ಬಾಗಿಲು

ತಾನು ಹುಟ್ಟಿದ ಮನೆಯ ತಲೆಬಾಗಿಲಲ್ಲಿ ಅಂಬಾರಿ ಹೊತ್ತ ಆನೆ ತಲೆ ತಗ್ಗಿಸದೆ ಒಳಗೆ ಬರುತ್ತಿತ್ತು ಎಂದು ಮುದುಕ ಹೇಳುತ್ತಿದ್ದ. ಇಲ್ಲ ಅನ್ನುವವರು ಯಾರೂ ಉಳಿದಿರಲಿಲ್ಲ. ಆ ಊರು ಅಣೆಕಟ್ಟಿನ ನೀರಿನಡಿ ಹೋಗಿ ಐವತ್ತು ವರ್ಷವಾಗಿತ್ತು. ಆ ಬಾಗಿಲನ್ನು ಕಂಡವರು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿದ್ದರು. ಇನ್ನು ಮೀನನ್ನು ಸಾಕ್ಷಿಗೆ ಕರೆಯುವುದು ಹೇಗೆ?

ಅವತ್ತೂ ಕ್ಷೌರದ ಅಂಗಡಿಯ ಬೆಂಚಿನ ಮೇಲೆ ಕೂತು ಅದನ್ನೇ ಹೇಳಿದ. ಕೇಳುವವರು ಮೂವರು. ಕ್ಷೌರದವನು, ಅವನ ಕೈಗೆ ತಲೆ ಕೊಟ್ಟು ಕೂತ ದರ್ಜಿ, ಬಿಸಿಲು ತಗ್ಗಲಿ ಎಂದು ಬುಟ್ಟಿ ಇಳಿಸಿ ಹೊಸ್ತಿಲ ಮೇಲೆ ಕೂತ ಬಳೆಗಾರ್ತಿ. ಮೂವರೂ ಆಮೇಲೆ ಬಂದು ನೆಲೆಸಿದವರು. ಮುಳುಗಿದ ಊರಿನ ಬಗ್ಗೆ ಮುದುಕ ಹೇಳಿದ್ದಷ್ಟೇ ಅವರಿಗೆ ಗೊತ್ತಿದ್ದದ್ದು.

"ಆನೆ ಒಳಗೆ ಬಂದು ಏನು ಮಾಡ್ತಿತ್ತು ತಾತ, ಕಾಫಿ ಕುಡೀತಿತ್ತಾ?" ಎಂದು ದರ್ಜಿ ಕೇಳಿದ.

"ಕಬ್ಬು ತಿಂದು, ನಮ್ಮವ್ವನಿಗೆ ಸೊಂಡಿಲೆತ್ತಿ ನಮಸ್ಕಾರ ಮಾಡಿ ಹೋಗ್ತಿತ್ತು. ನಗಬೇಡ, ಕತ್ತರಿ ಕಿವಿಗೆ ತಾಗೀತು. ಆ ಬಾಗಿಲಿನ ದೆಸೆಯಿಂದ ನಾನು ಒಂದು ಶಹರಿನೊಳಗೆ ಸಿಕ್ಕಿಹಾಕಿಕೊಂಡೆ, ಆ ಬಾಗಿಲಿನ ದೆಸೆಯಿಂದಲೇ ಈಚೆಗೆ ಬಂದೆ."

ಹೀಗೆ ಶುರುವಾಯಿತು.

ಅದು ಹೊಸ ಶಹರು. ಎಷ್ಟು ಹೊಸದು ಅಂದರೆ ಅಲ್ಲಿ ಇನ್ನೂ ಯಾರೂ ಸತ್ತಿರಲಿಲ್ಲ. ಗೋಡೆಗಳಿಗೆ ಹಲ್ಲಿ ಬಂದಿರಲಿಲ್ಲ. ಇಡೀ ಶಹರಿಗೆ ಒಂದೇ ಬೀದಿ, ಅದು ಬಳೆಯ ಹಾಗೆ ದುಂಡಗೆ. ಬೀದಿಗೆ ಒಂದು ಹೆಬ್ಬಾಗಿಲು. ಬೀದಿಯುದ್ದಕ್ಕೂ ಗಾಜಿನವು, ಉಕ್ಕಿನವು, ಸಿಮೆಂಟಿನವು ಎಂದು ಒಂಬತ್ತು ಕಟ್ಟಡ. ಕಟ್ಟಿದವರಿಗೆ ಎಷ್ಟು ಅವಸರವಿತ್ತು ಅಂದರೆ, ಎತ್ತರ ಎಷ್ಟಿರಬೇಕು ಅಂತ ತೀರ್ಮಾನಿಸಿದ್ದರು, ಹೇಗಿರಬೇಕು ಅಂತ ತೀರ್ಮಾನಿಸಲು ಪುರಸೊತ್ತು ಸಿಕ್ಕಿರಲಿಲ್ಲ. ಅದನ್ನು ನೋಡಲು ಬರುವವರಿಗೆ ಬಿಟ್ಟರು. ನಡೆದು ನೋಡುವವನು ಒಂದು ಕಟ್ಟಡವನ್ನು ಯಾವುದಕ್ಕೆ ಹೋಲಿಸುತ್ತಾನೋ ಕಟ್ಟಡ ಅದೇ ಆಗಬೇಕು. ಶಹರಿಗೆ ಇದ್ದದ್ದು ಇದೊಂದೇ ಕಾನೂನು.

ಅಲ್ಲಿ ಕೈ ಹಿಡಿದು ತೋರಿಸುವವರಿಲ್ಲ. ಹೆಬ್ಬಾಗಿಲಲ್ಲಿ ಒಂದು ಹಾಳೆ, ಒಂದು ಕೈಗಂಟೆ ಕೊಡುತ್ತಾರೆ. ನೀನೇ ನಡೆ, ನೀನೇ ನೋಡು, ನೀನೇ ಹೇಳು. ಪ್ರತಿ ಕಟ್ಟಡದ ಮುಂದೆ ನೆಲದಲ್ಲಿ ಎರಡು ಹಿತ್ತಾಳೆಯ ಪಾದ ಕೂರಿಸಿದ್ದಾರೆ. ಅದರ ಮೇಲೆ ಕಾಲಿಡಬೇಕು, ಗಂಟೆ ಹೊಡೆಯಬೇಕು, ತಲೆ ಎತ್ತಬೇಕು, ಹೇಳಬೇಕು. ಹಿಂದೆ ಹಿಂದೆಯೇ ಒಬ್ಬ ಗುಮಾಸ್ತ ಬರುತ್ತಾನೆ. ಕಂಕುಳಲ್ಲಿ ಸ್ಟೂಲು, ಕೈಯಲ್ಲಿ ಪುಸ್ತಕ, ಕೊರಳಲ್ಲಿ ಮುದ್ರೆ. ಹೇಳಿದ್ದನ್ನು ಬರೆದುಕೊಂಡು ಹಾಳೆಗೆ ಮುದ್ರೆ ಒತ್ತುತ್ತಾನೆ. ಗುಮಾಸ್ತನ ಹಿಂದೆ ನಲವತ್ತು ಜನ ಗಾರೆಯವರು, ನಲವತ್ತು ಏಣಿ. ಎಲೆಯಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಕೆಲಸ ಮುಗಿಸುತ್ತಾರೆ. ಒಂಬತ್ತು ಮುದ್ರೆ ಇಲ್ಲದವನಿಗೆ ಹೆಬ್ಬಾಗಿಲು ತೆರೆಯುವುದಿಲ್ಲ.

"ಆಗ ನಿಮಗೆ ಎಷ್ಟು ವಯಸ್ಸು?" ಎಂದು ಕ್ಷೌರದವನು ಕೇಳಿದ. ಈಗಿನಷ್ಟೇ, ಎಂದು ಮುದುಕ ಮುಂದುವರಿಸಿದ.

ಮುದುಕನಿಗೆ ಓದು ಬರಹ ಬರುತ್ತಿರಲಿಲ್ಲ. ಹಾಳೆಯನ್ನು ಗೌರವದಿಂದ ಎರಡೂ ಕೈಯಲ್ಲಿ ಹಿಡಿದ, ತಲೆಕೆಳಗಾಗಿ ಹಿಡಿದ. ಬಂದವರೆಲ್ಲ ಹೆಬ್ಬಾಗಿಲಿಂದ ಬಲಕ್ಕೆ ತಿರುಗುತ್ತಿದ್ದರು, ಇವನು ಎಡಕ್ಕೆ ತಿರುಗಿದ. ಒಂದರಿಂದ ಒಂಬತ್ತಕ್ಕೆ ನಡೆಯಬೇಕಾದ ದಾರಿಯನ್ನು ಒಂಬತ್ತರಿಂದ ಒಂದಕ್ಕೆ ನಡೆದ. ಹೀಗೆ ಯಾರೂ ನಡೆದಿರಲಿಲ್ಲವಂತೆ. ಗುಮಾಸ್ತ ಒಂದು ಗಳಿಗೆ ತಬ್ಬಿಬ್ಬಾಗಿ, ಪುಸ್ತಕವನ್ನು ಹಿಂದಿನ ಹಾಳೆಯಿಂದ ತೆರೆದುಕೊಂಡ.

ಒಂಬತ್ತನೆಯದು ಮೂವತ್ತು ಅಂತಸ್ತಿನ ಗಾಜಿನ ಕಚೇರಿ. ಮುದುಕ ಹಿತ್ತಾಳೆಯ ಪಾದದ ಮೇಲೆ ಕಾಲಿಟ್ಟ. ಗಂಟೆ ಹೊಡೆದ. ತಲೆ ಎತ್ತಿದ. "ಸಿಪ್ಪೆ ಸುಲಿದ ಮುಸುಕಿನ ಜೋಳದ ಹಾಗಿದೆ," ಎಂದ.

ಏಣಿಗಳು ಎದ್ದವು. ಎಲೆಯಡಿಕೆ ಕೆಂಪಾಗುವಷ್ಟರಲ್ಲಿ ಮೂವತ್ತು ಅಂತಸ್ತಿನ ಕಿಟಕಿಗಳೆಲ್ಲ ಹಳದಿ ಕಾಳಾಗಿ ಸಾಲುಗಟ್ಟಿದವು. ಎಲ್ಲಿದ್ದವೋ ಏನೋ, ಮೋಡದ ಹಾಗೆ ಗಿಳಿಗಳು ಬಂದವು. ಒಳಗಿದ್ದ ದೊಡ್ಡ ಸಾಹೇಬರ ಕಿಟಕಿಯನ್ನೇ ಮೊದಲು ಕುಕ್ಕಿದವು.

ತನ್ನ ಬಾಯಲ್ಲಿ ಬಂದ ಮಾತು ಹಾಗೆ ಆಕಾಶದಲ್ಲಿ ನಿಂತದ್ದನ್ನು ಮುದುಕ ಜನ್ಮದಲ್ಲಿ ಕಂಡಿರಲಿಲ್ಲ. ಎದೆ ಉಬ್ಬಿತು. ಇದೇನು ಮಹಾ ಎತ್ತರ ಎಂದು ಗುಮಾಸ್ತನಿಗೆ ಹೇಳಿದ. ತನ್ನ ಮನೆಯ ಬಾಗಿಲಲ್ಲಿ ಅಂಬಾರಿ ಆನೆ ತಲೆ ತಗ್ಗಿಸದೆ ಬರುತ್ತಿತ್ತು ಎಂದ. ಗುಮಾಸ್ತ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಬರೆಯುವುದು ಅವನ ಕೆಲಸ. ಬರೆದುಕೊಂಡ.

ಎಂಟನೆಯದು ನೀರಿನ ಕಚೇರಿ. ಕಾಲಿಟ್ಟ, ಗಂಟೆ ಹೊಡೆದ, ತಲೆ ಎತ್ತಿದ. "ಮಗುಚಿಟ್ಟ ಕೊಡದ ಹಾಗಿದೆ." ಒಳಗಿದ್ದವರೆಲ್ಲ ಮೇಜು ಕುರ್ಚಿ ಸಮೇತ ಚಾವಣಿಗೆ ಹೋಗಿ ಬಿದ್ದರು. ಅಲ್ಲೇ ಕೂತು ಕೆಲಸ ಮುಂದುವರಿಸಿದರು. ಅರ್ಜಿ ಹಿಡಿದು ಬಂದವರು ಮಾತ್ರ ಕೆಳಗೆ ನಿಂತು, ಕತ್ತು ನೋವು ಬರುವ ತನಕ ಮೇಲೆ ನೋಡುತ್ತಿದ್ದರು. ಮುದುಕ ಹೊಟ್ಟೆ ಹಿಡಿದು ನಕ್ಕ.

ಏಳನೆಯದು ಆಸ್ಪತ್ರೆ. ಇಲ್ಲಿ ನಗು ಅರ್ಧಕ್ಕೆ ನಿಂತಿತು. ಸರಿಯಾದ ದಾರಿಯಲ್ಲಿ ನಡೆದವನೊಬ್ಬ ಬೆಳಿಗ್ಗೆಯೇ ಇಲ್ಲಿಗೆ ಬಂದು, ಇದು ಮದುವೆ ಮನೆಯ ಹಾಗಿದೆ ಎಂದು ಹೇಳಿ ಮುಂದೆ ಹೋಗಿದ್ದ. ವೈದ್ಯರು ಪಂಚೆ ಕಟ್ಟಿ ಪಂಕ್ತಿಗೆ ಪಾಯಸ ಬಡಿಸುತ್ತಿದ್ದರು. ಜ್ವರ ಬಂದವನೊಬ್ಬ ಬಾಸಿಂಗ ಕಟ್ಟಿಸಿಕೊಂಡು ನಡುಗುತ್ತ ಹೆಣ್ಣಿಗಾಗಿ ಕಾಯುತ್ತಿದ್ದ. ಆಯಾ ಒಬ್ಬಳು ಓಡಿಬಂದು, ಏನು ಬೇಕಾದರೂ ಅನ್ನಿ, ಮುಹೂರ್ತ ಇರುವಂಥದ್ದು ಮಾತ್ರ ಬೇಡ, ಎಂದು ಕೈಮುಗಿದಳು. ಮುದುಕ ಯೋಚಿಸಿದ. ಒಳ್ಳೆಯದನ್ನೇ ಹೇಳೋಣ ಎಂದು, ಹಾಲು ತುಂಬಿದ ಪಾತ್ರೆಯ ಹಾಗಿದೆ ಎಂದ. ಬೆಳ್ಳಗೆ, ತಂಪಗೆ, ಚೆನ್ನಾಗಿಯೇ ಆಯಿತು. ಆಮೇಲೆ ಶಹರಿನ ಬೆಕ್ಕುಗಳೆಲ್ಲ ಬಂದವು.

ಮುಂದೆ ಹೋದವರಿಗೆ ತಾವು ಆಡಿದ ಮಾತು ಬೆನ್ನ ಹಿಂದೆ ಉಳಿಯುತ್ತಿತ್ತು. ಮುದುಕ ಎದುರು ದಿಕ್ಕಿನಿಂದ ಬರುತ್ತಿದ್ದ. ಅವರು ಬಿಟ್ಟುಹೋದದ್ದೆಲ್ಲ ಇವನಿಗೆ ಮುಖಾಮುಖಿ ಸಿಗುತ್ತಿತ್ತು. ನ್ಯಾಯಾಲಯವನ್ನು ಯಾರೋ ಮೆಲುಕು ಹಾಕುವ ಎಮ್ಮೆ ಅಂದಿದ್ದರು. ಒಬ್ಬನನ್ನು ಮಧ್ಯಾಹ್ನದೊಳಗೆ ಮೂರು ಸಲ ಬಿಡುಗಡೆ ಮಾಡಿ ಮೂರು ಸಲ ಒಳಗೆ ಹಾಕಿದ್ದರು. ಮುದುಕ ಜಾಗ್ರತೆಯಾದ. ಚಿಕ್ಕ ವಸ್ತು ಹೇಳಿದರೆ ಚಿಕ್ಕ ಕಷ್ಟ ಎಂದುಕೊಂಡು ಪುಸ್ತಕ ಭಂಡಾರವನ್ನು ಬೆಂಕಿಪೊಟ್ಟಣ ಎಂದ. ಒಳಗಿದ್ದ ಓದುಗರೆಲ್ಲ ಒತ್ತೊತ್ತಾಗಿ ನಿಂತು, ತಲೆಗೆ ತಲೆ ತಾಗೀತೆಂದು ಪುಟ ತಿರುಗಿಸಲೂ ಹೆದರಿದರು. ಎರಡನೆಯ ಕಟ್ಟಡ ದಾಟುವ ಹೊತ್ತಿಗೆ ಅವನ ಹಾಳೆಯ ಮೇಲೆ ಎಂಟು ಮುದ್ರೆ ಇದ್ದವು, ನಾಲಿಗೆ ಒಣಗಿತ್ತು.

ಒಂದನೆಯದು ಹೆಬ್ಬಾಗಿಲ ಪಕ್ಕದಲ್ಲೇ ಇತ್ತು. ಎರಡು ಎತ್ತರದ ಗೋಪುರಗಳ ನಡುವೆ ಒಂದು ತಗ್ಗಿನ ಚರ್ಮದ ಚಪ್ಪಲಿ. ಗುಡಿಸಲಿನಷ್ಟು ಚಪ್ಪಲಿ. ಹೆಬ್ಬೆರಳಿನ ಉಂಗುರದ ಸಂದಿನಲ್ಲಿ ಒಬ್ಬಳು ಹೆಂಗಸು ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಮುದುಕ ಪಾದದ ಮೇಲೆ ಕಾಲಿಟ್ಟು ಗಂಟೆ ಎತ್ತಿದ್ದೇ ತಡ, ಮೊರ ಬಿಟ್ಟು ಎದ್ದು ಬಂದಳು.

"ಒಂಚೂರು ತಡೀರಿ ಯಜಮಾನ್ರೇ. ಗಂಟೆ ಆಮೇಲೆ ಹೊಡೀರಿ. ಮೊದಲು ಮಜ್ಜಿಗೆ ಕುಡೀರಿ."

ಮಜ್ಜಿಗೆ ಕೊಟ್ಟು ತನ್ನ ಕಥೆ ಹೇಳಿದಳು. ಇದು ಅವಳ ಮನೆ. ಹಾಳೆಯಲ್ಲಿ ಮೊದಲನೆಯದು ಇದೇ ಆದ್ದರಿಂದ ಬಂದವರೆಲ್ಲ ಬಾಯಿ ತುಂಬ ಹೋಲಿಕೆ ತುಂಬಿಕೊಂಡು ಇಲ್ಲಿಗೇ ಮೊದಲು ಬರುತ್ತಿದ್ದರು. ಒಬ್ಬ ತಮಟೆ ಅಂದ. ಒಳಗೆ ಒಂದು ಹೆಜ್ಜೆ ಇಟ್ಟರೂ ಊರೆಲ್ಲ ಕೇಳುತ್ತಿತ್ತು, ಅವಳು ನಾಲ್ಕು ದಿನ ಮೂಲೆಯಲ್ಲಿ ಕೂತೇ ಇದ್ದಳು. ಒಬ್ಬ ಆಮೆ ಅಂದ. ಬೆಳಿಗ್ಗೆ ಸೊಪ್ಪು ತರಲು ಹೋಗಿ ಬರುವಷ್ಟರಲ್ಲಿ ಮನೆ ಕೆರೆಯ ಕಡೆ ಹೊರಟುಹೋಗಿತ್ತು. ಒಬ್ಬ ಕೊಡೆ ಅಂದ, ಬಿಸಿಲಲ್ಲಿ ಬಿಚ್ಚಿಕೊಂಡಿತು, ಮೋಡ ಮುಸುಕಿದಾಗ ಅವಳನ್ನು ಒಳಗೇ ಇಟ್ಟು ಮುಚ್ಚಿಕೊಂಡಿತು. ಇದೆಲ್ಲ ತಡೆದುಕೊಂಡಳು. ಆಮೇಲೆ ಒಬ್ಬ ಬಂದ. ಒಳ್ಳೆಯವನು, ಕಣ್ಣಲ್ಲಿ ನೀರು ತಂದುಕೊಂಡು, ಇದು ಗುಬ್ಬಿಯ ಗೂಡಿನ ಹಾಗಿದೆ ಎಂದ. ಮಾರನೆಯ ಬೆಳಿಗ್ಗೆ ಅವಳ ಗಂಡ ಗೂಡಿನ ಬಾಯಿಗೆ ಬಂದು, ತೋಳು ಕೊಡವಿ, ಹಾರಿಹೋದ.

ಹೆಂಗಸು ಮೇಲೆ ಬೆರಳು ಮಾಡಿದಳು. ಗೋಪುರಗಳ ನೆತ್ತಿಯ ಹತ್ತಿರ ಅಂಗಿಯ ತೋಳು ಪಟಪಟ ಬಡಿಯುತ್ತ ಒಬ್ಬ ಗಂಡಸು ಸುತ್ತು ಹಾಕುತ್ತಿದ್ದ.

"ದಿನಾ ಬರ್ತಾರೆ. ಕೆಳಗೆ ನೋಡ್ತಾರೆ. ನಿನ್ನೆ ಬುಟ್ಟಿ, ಇವತ್ತು ಚಪ್ಪಲಿ. ಯಾರ ಮನೆ ಅಂತ ಗುರುತು ಸಿಕ್ಕಬೇಕಲ್ಲ, ಹೊರಟು ಹೋಗ್ತಾರೆ. ಎರಡು ದಿನ, ಎರಡೇ ದಿನ ಒಂದೇ ಥರ ನಿಂತ್ರೆ ಇಳೀತಾರೆ. ನೀವು ಏನೂ ಹೋಲಿಸಬೇಡಿ. ಮನೆ ಅನ್ನಿ. ಬರೀ ಮನೆ ಅನ್ನಿ."

ಗುಮಾಸ್ತ ಸ್ಟೂಲಿನ ಮೇಲೆ ಕೂತು ಕೆಮ್ಮಿದ. ಮನೆಯನ್ನು ಮನೆ ಅಂದರೆ ಅದು ಹೋಲಿಕೆಯಲ್ಲ, ಹೋಲಿಕೆಯಲ್ಲದ ಮಾತಿಗೆ ಮುದ್ರೆಯಿಲ್ಲ, ಎಂದ. ಹೆಬ್ಬಾಗಿಲ ಕಡೆ ಕೈ ತೋರಿಸಿದ. ಅಲ್ಲಿ ಮೂವರು ಗಂಡಸರು ಗೋಡೆಗೊರಗಿ ಕೂತಿದ್ದರು. ಗಡ್ಡ ನೆಲ ಮುಟ್ಟಿತ್ತು. ಹಿಂದೆ ಯಾವಾಗಲೋ ಬಂದವರು, ಸಮಯಕ್ಕೆ ಏನೂ ತೋಚದೆ ಸುಮ್ಮನಿದ್ದವರು. ಇನ್ನೂ ಯೋಚಿಸುತ್ತಿದ್ದರು.

ಮುದುಕನಿಗೆ ಇಕ್ಕಟ್ಟಾಯಿತು. ಮನೆ ಅಂದರೆ ಇವನ ಗಡ್ಡವೂ ನೆಲ ಮುಟ್ಟುತ್ತದೆ. ಬೇರೆ ಏನಂದರೂ ಹೆಂಗಸಿನ ಗಂಡ ಇಳಿಯುವುದಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ನಾಲಿಗೆಯದು. ಹುಟ್ಟಿದಾಗಿನಿಂದ ಅವನ ನಾಲಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಿಲ್ಲ. ಬೆಲ್ಲ ಕಂಡ ನೊಣದ ಹಾಗೆ ಅದು ಆ ಚಪ್ಪಲಿಯ ಕಡೆಗೇ ಹಾರುತ್ತಿತ್ತು. ರಾಕ್ಷಸನ ದೋಣಿ, ಭೂಮಿತಾಯಿಯ ಮೊರ, ಚಂದ್ರನಿಂದ ಬಿದ್ದ ತೊಟ್ಟಿಲು, ಒಂದಕ್ಕಿಂತ ಒಂದು ಚೆಂದದ್ದು ಹಲ್ಲಿನ ತನಕ ಬಂದವು. ಮುದುಕ ಮಜ್ಜಿಗೆಯನ್ನು ಬಾಯಿ ತುಂಬ ತುಂಬಿಕೊಂಡು, ನುಂಗದೆ, ತುಟಿ ಬಿಗಿದು ನಿಂತ. ಎಷ್ಟು ಹೊತ್ತು ನಿಂತನೋ. ಬಿಸಿಲು ಒಂದು ಗೋಪುರದಿಂದ ಇನ್ನೊಂದು ಗೋಪುರಕ್ಕೆ ಹೋಯಿತು. ಬಾಯಲ್ಲಿದ್ದ ಮಜ್ಜಿಗೆ ಮತ್ತೆ ಮೊಸರಾಯಿತು.

ಕಡೆಗೆ ಮೊಸರು ನುಂಗಿದ. ಪಾದದ ಮೇಲೆ ಕಾಲು ಸರಿಯಾಗಿಟ್ಟ. ಗಂಟೆ ಹೊಡೆದ. ಮನೆ ತಗ್ಗಿನಲ್ಲಿದ್ದುದರಿಂದ ತಲೆ ಎತ್ತಲಿಲ್ಲ, ತಗ್ಗಿಸಿದ.

"ಇದು ನಮ್ಮ ಮನೆಯ ಹಾಗಿದೆ," ಎಂದ.

ಗುಮಾಸ್ತ ಪೆನ್ನು ಎತ್ತಿದವನು ಹಾಗೇ ಉಳಿದ. ಇವಳ ಮನೆ ಇವಳದು, ಅವನ ಮನೆ ಅವನದು. ಎರಡೂ ಬೇರೆ ಬೇರೆ. ಹೋಲಿಕೆಯಂತೂ ಹೋಲಿಕೆಯೇ. ಪುಸ್ತಕದ ಕಡೆಯ ಹಾಳೆ ತಿರುಗಿಸಿದ. ಅಲ್ಲಿ ಯಾರೂ ಯಾವತ್ತೂ ಓದದ ಒಂದು ಸಾಲಿತ್ತು. ಗಟ್ಟಿಯಾಗಿ ಓದಿದ.

"ಮನೆಯನ್ನು ಮನೆಗೆ ಹೋಲಿಸಿದ ಪಕ್ಷದಲ್ಲಿ, ಮೂಲ ಮನೆ ಬದಲಾಗುವ ತನಕ ಈ ಮನೆ ಬದಲಾಗತಕ್ಕದ್ದಲ್ಲ. ನಿಮ್ಮ ಮನೆ ಎಲ್ಲಿದೆ?"

ನೀರಿನಡಿ, ಎಂದ ಮುದುಕ. ಹಾಗಾದರೆ ಬದಲಾಗುವುದಿಲ್ಲ, ಎಂದ ಗುಮಾಸ್ತ. ಹೆಂಗಸು ಸೆರಗಿನ ತುದಿ ಬಾಯಿಗಿಟ್ಟುಕೊಂಡಳು.

ಆಮೇಲೆ ಗುಮಾಸ್ತ ಪುಸ್ತಕವನ್ನು ಮೊದಲು ಬರೆದ ಕಡೆಗೆ ತಿರುಗಿಸಿದ. ಮುದುಕನ ಮನೆಯ ಬಗ್ಗೆ ಅಲ್ಲಿ ಒಂದೇ ಒಂದು ಸಾಲಿತ್ತು. ಅದನ್ನೂ ಗಟ್ಟಿಯಾಗಿ ಓದಿದ. ನಲವತ್ತು ಏಣಿಗಳು ಒಂದರ ಮೇಲೊಂದು ಎದ್ದು ಮೋಡ ಮುಟ್ಟಿದವು. ದುಂಡನೆಯ ಬೀದಿಯ ತಿರುವಿನಲ್ಲಿ ಗಂಟೆಯ ಸದ್ದಾಯಿತು. ಅಳತೆಗೆಂದು ಕರೆಸಿದ ಆನೆ ಬರುತ್ತಿತ್ತು. ಅಂಬಾರಿ ಸಮೇತ, ತಲೆ ತಗ್ಗಿಸದೆ.

ಹೆಂಗಸು ಆನೆಯನ್ನು ನೋಡಿದಳು. ತನ್ನ ಮೊರವನ್ನು, ಅದರಲ್ಲಿದ್ದ ಒಂದು ಪಾವು ಅಕ್ಕಿಯನ್ನು ನೋಡಿದಳು.

"ಇದು ದಿನಾ ಬರುತ್ತಾ ಯಜಮಾನ್ರೇ?" ಎಂದು ಮೆಲ್ಲಗೆ ಕೇಳಿದಳು.

ಮೇಲೆ ಅವಳ ಗಂಡ ಏಣಿಗಳಿಗೆ ಬೆದರಿ ದೂರ ದೂರ ಸರಿಯುತ್ತಿದ್ದ. ಇನ್ನೊಂದು ಸುತ್ತು ಹಾಕಿದ್ದರೆ ಕಣ್ಣಿಗೆ ಕಾಣದಾಗುತ್ತಿದ್ದ. ಮುದುಕ ಗುಮಾಸ್ತನ ಹತ್ತಿರ ಹೋಗಿ, ಬಗ್ಗಿ, ಕಿವಿಯಲ್ಲಿ ಏನೋ ಹೇಳಿದ. ಗುಮಾಸ್ತ ಅವನ ಮುಖ ನೋಡಿದ. ಅಡಿಪಟ್ಟಿ ಇಟ್ಟು ಆ ಸಾಲನ್ನು ಹೊಡೆದುಹಾಕಿದ. ಆನೆಗೂ ನಿರಾಳವಾಯಿತೇನೋ, ಬಂದ ದಾರಿಯಲ್ಲೇ ತಿರುಗಿ ಹೋಯಿತು.

"ಕಿವಿಯಲ್ಲಿ ಏನಂದ್ರಿ?" ಎಂದು ದರ್ಜಿ ಕನ್ನಡಿಯೊಳಗಿಂದಲೇ ಕೇಳಿದ.

ಅದು ಕಚೇರಿಯ ಗುಟ್ಟು, ಎಂದ ಮುದುಕ. ಆದರೆ ಹೇಳುತ್ತ ಹೇಳುತ್ತ ಅವನು ಬೆಂಚಿನಿಂದ ಎದ್ದಿದ್ದ. ಕಣ್ಣು ಅಂಗಡಿಯಲ್ಲಿರಲಿಲ್ಲ.

ಗಾರೆಯವರು ಸುತ್ತ ನಿಂತು, ಹೇಗೆ ಕಟ್ಟಬೇಕು ಹೇಳಿ ಎಂದರು. ಮುದುಕ ಹೇಳಿದ. ಒಂದೇ ಕೋಣೆ. ನೆಲಕ್ಕೆ ಸಗಣಿ ಸಾರಿಸಿದ್ದು. ಈಶಾನ್ಯದ ಮೂಲೆಯಲ್ಲಿ ಸೋರುತ್ತದೆ, ಅದನ್ನು ಮುಚ್ಚಬೇಡಿ, ಅಲ್ಲಿ ಒಂದು ಹಿತ್ತಾಳೆ ತಪ್ಪಲೆ ಇಟ್ಟಿರುತ್ತೇವೆ. ಗೋಡೆಯಲ್ಲಿ ದೀಪದ ಗೂಡು, ಅದರ ಮೇಲೆ ಮಸಿ ಒಂದು ಗೇಣು ಹತ್ತಿರಬೇಕು. ಒರಳು ಬಾಗಿಲ ಎಡಕ್ಕೆ. ಕದಕ್ಕೆ ಒಂದೇ ಕೀಲು ಸರಿಯಿದೆ, ಇನ್ನೊಂದು ಕಡೆ ಎತ್ತಿ ಹಿಡಿದು ದೂಡಬೇಕು, ಆಗ ಮುಚ್ಚುತ್ತದೆ. ನಮ್ಮಪ್ಪ ಹೊಲದಿಂದ ಬಂದವನು ದಿನಾ ಮರೆತು ಬಾಗಿಲ ಮೇಲಿನ ಮರಕ್ಕೆ ಹಣೆ ತಾಗಿಸಿಕೊಳ್ಳುತ್ತಿದ್ದ. ಒಳಗಿದ್ದ ನಮ್ಮವ್ವ ಆ ಸದ್ದು ಕೇಳಿಯೇ ತಟ್ಟೆ ಇಡುತ್ತಿದ್ದಳು. ಆ ಮರ ಅಲ್ಲಿ ನುಣ್ಣಗಾಗಿತ್ತು.

ಬಾಗಿಲ ಎತ್ತರ ಎಷ್ಟು, ಎಂದು ಗಾರೆಯವರಲ್ಲಿ ಹಿರಿಯ ಕೇಳಿದ.

ಮುದುಕ ಕೈ ಎತ್ತಿದ. ಅಂಗೈ ಕೆಳಗೆ ಮಾಡಿ, ನೆಲಕ್ಕೆ ಸಮವಾಗಿ, ತನ್ನ ಎದೆಯ ಹತ್ತಿರ ತಂದು ನಿಲ್ಲಿಸಿದ. "ಇಷ್ಟು."

ಎಲೆಯಡಿಕೆ ಹಾಕಿಕೊಂಡವರು ಇನ್ನೂ ಉಗುಳಿರಲಿಲ್ಲ, ಮನೆ ನಿಂತಿತು. ನಲವತ್ತು ಏಣಿಯಲ್ಲಿ ಒಂದೂ ಬೇಕಾಗಲಿಲ್ಲ. ಗುಮಾಸ್ತ ಒಂಬತ್ತನೆಯ ಮುದ್ರೆ ಒತ್ತಿದ. ಹೆಬ್ಬಾಗಿಲ ಕಾವಲಿನವನಿಗೆ ಏಳರ ಮೇಲೆ ಎಣಿಕೆ ಬರುತ್ತಿರಲಿಲ್ಲ. ಒಂಬತ್ತು ಮುದ್ರೆ ಎಣಿಸಲು ಎರಡು ದಿನ ತೆಗೆದುಕೊಂಡ. ಆ ಎರಡು ದಿನ ಮುದುಕ ಗಡ್ಡದವರ ಜೊತೆ ಗೋಡೆಗೊರಗಿ ಕೂತಿದ್ದ. ಸುಮ್ಮನೆ ಕೂರಲಾರದೆ ಆ ಮೂವರಿಗೂ ಒಂದೊಂದು ಹೋಲಿಕೆ ದಾನ ಮಾಡಿದ. ಹೊಸಬರು ಬಂದರು, ಬಲಕ್ಕೆ ತಿರುಗಿದರು, ಕಾಲಿಟ್ಟರು, ಗಂಟೆ ಹೊಡೆದರು, ಹೇಳಿದರು. ಮಡಕೆ ಅಂದರು, ಪೆಟ್ಟಿಗೆ ಅಂದರು. ಗುಮಾಸ್ತ ಕಡೆಯ ಹಾಳೆ ತೋರಿಸಿ ಮುದ್ರೆ ಒತ್ತಿ ಮುಂದೆ ಕಳಿಸಿದ. ಮನೆ ಮನೆಯಾಗಿಯೇ ನಿಂತಿತ್ತು.

ಎರಡನೆಯ ದಿನ ಇಳಿಹೊತ್ತಿನಲ್ಲಿ ಕಾವಲಿನವನು ಒಂಬತ್ತು ಅಂದ. ಬಾಗಿಲು ತೆರೆಯಿತು. ಮುದುಕ ಒಂದು ಕಾಲು ಆಚೆ ಇಟ್ಟಾಗ ಹಿಂದಿನಿಂದ ಠಪ್ ಎಂದು ಸದ್ದಾಯಿತು. ಹೆಂಗಸಿನ ಹಣೆ. ಅವಳು ನಕ್ಕದ್ದೂ ಕೇಳಿಸಿತು. ಅಂಗಿಯ ತೋಳು ಬಡಿಯುವ ಸದ್ದು ಹತ್ತಿರ ಬಂತು, ನಿಂತಿತು. ಆಮೇಲೆ ಇನ್ನೊಂದು ಠಪ್. ಇದು ಮೊದಲನೆಯದಕ್ಕಿಂತ ಜೋರಾಗಿತ್ತು. ಎಷ್ಟೋ ದಿನದಿಂದ ಯಾವ ಬಾಗಿಲಲ್ಲೂ ನುಗ್ಗದ ಗಂಡಸಿನ ಹಣೆ. ಒಳಗೆ ತಟ್ಟೆ ಇಟ್ಟ ಸದ್ದಾಯಿತು. ಮುದುಕ ಇನ್ನೊಂದು ಕಾಲನ್ನೂ ಆಚೆ ಇಟ್ಟ.

ಕ್ಷೌರದ ಅಂಗಡಿಯಲ್ಲಿ ಕತ್ತರಿ ಎಷ್ಟು ಹೊತ್ತಿನಿಂದ ನಿಂತಿತ್ತೋ ಯಾರಿಗೂ ಗೊತ್ತಿರಲಿಲ್ಲ. ದರ್ಜಿಯ ತಲೆ ಅರ್ಧ ಮಾತ್ರ ಆಗಿತ್ತು. ಮುದುಕ ಇನ್ನೂ ನಿಂತೇ ಇದ್ದ. ಅವನ ಕೈ ಎದೆಯ ಹತ್ತಿರವೇ, ಅಂಗೈ ಕೆಳಗಾಗಿ, ಗಾಳಿಯಲ್ಲಿ ಉಳಿದಿತ್ತು.

ಬಳೆಗಾರ್ತಿ ಆ ಕೈಯನ್ನೇ ನೋಡುತ್ತಿದ್ದಳು. ಕೈ ನೋಡಿ ಅಳತೆ ಹೇಳುವುದು ಅವಳ ಕಸುಬು.

"ಅಲ್ಲ ತಾತ," ಎಂದಳು. "ಬಾಗಿಲು ಇಷ್ಟೇ ಎತ್ತರ ಅಂದ್ರಲ್ಲ. ಮತ್ತೆ ಆನೆ?"

ಮುದುಕ ತನ್ನ ಕೈಯನ್ನು ತಾನೇ ನೋಡಿಕೊಂಡ. ಮೆಲ್ಲಗೆ ಇಳಿಸಿದ. ಟವೆಲ್ಲನ್ನು ಈ ಹೆಗಲಿಂದ ತೆಗೆದು ಆ ಹೆಗಲಿಗೆ ಹಾಕಿಕೊಂಡು, ಎರಡೂ ಹೆಗಲು ಕುಣಿಸಿದ.

"ಬಗ್ಗಿರಬೇಕು," ಎಂದ.